ಹೇಳಿ ಮಾಡಿಸಬೇಕಾ, ಕೇಳಿ ಮಾಡಿಸಬೇಕಾ? (ದಾವಣಗೆರೆ ನಾಯಕತ್ವ ತರಬೇತಿ ಗುಂಪಿನ ಪ್ರಶ್ನೋತ್ತರ)

ಅಕ್ಕಿ ಗಿರಣಿ ಸೂಪರ್‌ವೈಸರ್: ಮೇಡಂ, 'ಹೇಳಿದಷ್ಟು ಮಾಡಿ, ತಲೆ ಓಡಿಸಬೇಡಿ' ಅನ್ನೋದು ನನ್ನ ಪದ್ಧತಿ. ಹೋದ ವಾರ ಭತ್ತ ಮೇಲೆತ್ತುವ ಎಲಿವೇಟರ್ ಬೆಲ್ಟ್ ಕಟ್ಟಾಯಿತು. ಮೊದಲೇ ಸದ್ದು ಬರುತ್ತಿತ್ತಂತೆ. ಹಳೇ ಆಪರೇಟರ್‌ಗೆ ಗೊತ್ತಿದ್ದೂ ಹೇಳಲಿಲ್ಲ. ಇನ್ನೂ ಬಿಗಿ ಮಾಡಲಾ?

ತರಬೇತುದಾರರು: ಬೇಡ ಸರ್. ಬೆಲ್ಟ್‌ಗಿಂತ ಅವರು ಬಾಯಿ ಬಿಡದಿದ್ದದ್ದೇ ನನಗೆ ಭಯ. ನಾಳೆ ಯಾರದಾದರೂ ಕೈ ಸಿಕ್ಕಿಕೊಂಡೀತು. ಹೊಸ ಹುಡುಗನಿಗೆ ಖಡಾಖಂಡಿತವಾಗಿ ಹೇಳಲೇಬೇಕು: ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೇ ಬೆಲ್ಟ್ ಮುಟ್ಟು. ಅಲ್ಲಿ ಚರ್ಚೆ ಇಲ್ಲ. ಆದರೆ ವರ್ಷಗಟ್ಟಲೆ ಮಿಷನ್ ಸದ್ದು ಕೇಳಿದವರಿಗೂ ಅದೇ ಮಾತಾ? ನಾಯಕತ್ವದ ಬಗ್ಗೆ ಸಂಶೋಧನೆ ಮಾಡಿದ ರಾಬರ್ಟ್ ಹೌಸ್ 1971ರಲ್ಲೇ ಬರೆದರು: ಏನು ಮಾಡಬೇಕೆಂದು ಗೊತ್ತಾಗದಿದ್ದಾಗ ಸ್ಪಷ್ಟ ಸೂಚನೆ ಆಸರೆ, ಗೊತ್ತಿರುವ ಕೆಲಸಕ್ಕೆ ಅದೇ ಕಿರಿಕಿರಿ. ನಾಳೆ ಪಾಳಿಗೆ ಮೊದಲು ಆಪರೇಟರ್‌ನನ್ನು ಕೇಳಿ, 'ಎಂಥ ಸದ್ದು ಬಂದರೆ ನಿಲ್ಲಿಸಬೇಕು?' ಅವರು ಹೇಳಿದ್ದನ್ನೇ ಎಲ್ಲರ ಮುಂದೆ ನಿಮ್ಮ ಆರ್ಡರ್ ಮಾಡಿ. ಸುಮ್ನೆ ನಿಲ್ಲಿಸಿದರು ಅಂತ ಆಮೇಲೆ ಗೊತ್ತಾದರೂ ಬೈಯಬೇಡಿ.

ವಿದ್ಯಾನಗರದವರು: '21 ದಿನ ನಗದೇ ಇದ್ದರೆ ಕೈಕೆಳಗಿನವರು ತಾವಾಗೇ ಮಾತು ಕೇಳುತ್ತಾರೆ' ಅಂತ ಫಾರ್ವರ್ಡ್ ಬಂದಿದೆ. ನಿಜಾನಾ?

ತರಬೇತುದಾರರು: ಸುಳ್ಳು. ಇಂಥದ್ದನ್ನು ಇಲ್ಲಿ ಹಾಕಬೇಡಿ. ಹೆದರಿದವರು ತಪ್ಪು ಮುಚ್ಚಿಡುತ್ತಾರೆ.

ಹರಿಹರದ ತಾಯಿ: ಮಗನಿಗೆ ಪಿಯುಸಿಯಲ್ಲಿ ಸೈನ್ಸ್ ಬೇಡವಂತೆ. ನಾವೇ ತೀರ್ಮಾನಿಸಬೇಕಾ, ಅವನಿಗೇ ಬಿಡಬೇಕಾ?

ಮಂಡಕ್ಕಿ ಭಟ್ಟಿಯವರು: ಕೇಳುತ್ತಾ ಕೂತರೆ ಬಾಂಡ್ಲಿಯಲ್ಲಿ ಅಕ್ಕಿ ಸೀದು ಹೋಗುತ್ತೆ. ಒಬ್ಬ ಹೇಳಬೇಕು, ಉಳಿದವರು ಮಾಡಬೇಕು.

ನಿವೃತ್ತ ಮೇಷ್ಟ್ರು: ನೀವು ಮದುವೆಗೆ ಅಂತ ಊರಿಗೆ ಹೋದರೆ ಭಟ್ಟಿ ನಡೆಯುತ್ತಾ?

ಭಟ್ಟಿಯವರು: ನಡೆಯಲ್ಲ. ಅದಕ್ಕೇ ಹೋಗಲ್ಲ. ಫ್ಯಾನ್ ಕೆಳಗೆ ಪಾಠ ಮಾಡಿದವರಿಗೆ ಇದು ಅರ್ಥವಾಗಲ್ಲ ಬಿಡಿ.

ಮೇಷ್ಟ್ರು: ಬಾಯಿಗೆ ಬಂದಂಗೆ ಮಾತಾಡಬೇಡಿ.

ತರಬೇತುದಾರರು: ಭಟ್ಟಿ ಉರಿಯುವಾಗ ಒಬ್ಬರ ಮಾತೇ ನಡೆಯಬೇಕು, ಒಪ್ಪಿದೆ. ಆದರೆ ಮೇಷ್ಟ್ರ ಪ್ರಶ್ನೆ ಸರಿಯಾಗಿದೆ. ಅಮೆರಿಕದ ಅಯೋವಾದಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ತಂಡ ಹುಡುಗರ ಗುಂಪುಗಳ ಮೇಲೆ ಇದನ್ನೇ ನೋಡಿ 1939ರಲ್ಲಿ ಪ್ರಕಟಿಸಿತು. ಬರೀ ಅಪ್ಪಣೆ ಮಾಡುವ ನಾಯಕ ಹೊರಗೆ ಹೋದರೆ ಕೆಲಸ ಕುಸಿಯುತ್ತಿತ್ತು. ಕೂಡಿ ತೀರ್ಮಾನಿಸಿದ ಗುಂಪು ಮುಂದುವರಿಸುತ್ತಿತ್ತು.

ಇನ್ನೊಬ್ಬರು: ಬಿಗಿ ಒಳ್ಳೆಯದಾ, ಸಡಿಲ ಒಳ್ಳೆಯದಾ? ಒಂದೇ ಮಾತಲ್ಲಿ ಹೇಳಿ.

ತರಬೇತುದಾರರು: ಮೇಲೆ ಓದಿ.

ಹರಿಹರದ ತಾಯಿ: ಮೇಡಂ, ನನ್ನ ಪ್ರಶ್ನೆ?

ಭಟ್ಟಿಯವರು: ಸುಮ್ನೆ ಸೈನ್ಸಿಗೆ ಹಾಕಮ್ಮ.

ಮೇಷ್ಟ್ರು: ಓದೋದು ನೀವೇನ್ರೀ?