ನಡೆಯುತ್ತಾ ತೆಗೆದ ವಿಡಿಯೊ ಬಳುಕುತ್ತದೆ, ಬಿಸಿಲಿನಲ್ಲಿ ತುಂಡರಿಸಿದಂತೆ ಕಾಣುತ್ತದೆ: ಪ್ರವಾಸಕ್ಕೆ ಮುನ್ನ ಕ್ಯಾಮೆರಾ ಬದಲಿಸಬೇಕೇ?

ಧಾರವಾಡದ ಪಯಣಿಗ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲು ಮತ್ತು ಹಂಪಿಯನ್ನು ನೋಡಿಕೊಂಡು, ಅಲ್ಲಿಂದ ಗೋಕರ್ಣಕ್ಕೆ ಇಳಿಯುವ ಯೋಚನೆಯಿದೆ. ನನ್ನ ಬಳಿ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರ್‌ನ) ಮಿರರ್‌ಲೆಸ್ ಕ್ಯಾಮೆರಾ ಮತ್ತು ಅದರೊಂದಿಗೆ ಬಂದ 16-50 ಮಿ.ಮೀ. ಕಿಟ್ ಲೆನ್ಸ್ ಇವೆ. ಬಾಡಿಯೊಳಗೆ ಸ್ಟೆಬಿಲೈಸೇಶನ್, ಅಂದರೆ ಕೈಯ ಅಲುಗಾಟವನ್ನು ತಗ್ಗಿಸುವ ವ್ಯವಸ್ಥೆ, ಇಲ್ಲ. ಫೋಟೊಗಳ ಬಗ್ಗೆ ನನಗೆ ದೂರಿಲ್ಲ; ವಿಡಿಯೊ ಮಾತ್ರ ಸಮಾಧಾನ ಕೊಡುತ್ತಿಲ್ಲ. ನಡೆಯುತ್ತಾ ಚಿತ್ರೀಕರಿಸಿದರೆ ಕಂಬಗಳೂ ಬಾಗಿಲುಗಳೂ ಬಳುಕಿದಂತೆ ಕಾಣುತ್ತವೆ, ಮಧ್ಯಾಹ್ನದ ಬಿಸಿಲಿನಲ್ಲಿ ಜನರ ನಡಿಗೆ ತುಂಡುತುಂಡಾಗಿ ತೋರುತ್ತದೆ, ಅಂಗಡಿಗಳ ಎಲ್‌ಇಡಿ ದೀಪಗಳ ಕೆಳಗೆ ಚಿತ್ರದ ಮೇಲೆ ಅಡ್ಡ ಪಟ್ಟಿಗಳು ಹರಿದಾಡುತ್ತವೆ. ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ ಹಾಕಿದರೆ ಚೌಕಟ್ಟು ಕಿರಿದಾಗಿ ಗುಡಿಯ ಶಿಖರವೇ ಹೊರಗುಳಿಯುತ್ತದೆ.

ಬಾಡಿಯೊಳಗೆ ಸ್ಟೆಬಿಲೈಸೇಶನ್ ಇರುವ ಹೊಸ ಕ್ಯಾಮೆರಾ ಕೊಳ್ಳಬೇಕೇ, ಗಿಂಬಲ್ (ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಮೋಟಾರಿನ ಹಿಡಿಕೆ) ಸಾಕೇ, ಅಥವಾ ವಿಡಿಯೊಗೆಂದೇ ಪಾಕೆಟ್ ಕ್ಯಾಮೆರಾ ಇಟ್ಟುಕೊಳ್ಳುವುದು ಒಳ್ಳೆಯದೇ? ಹೆಗಲ ಚೀಲ ಎರಡು ಕಿಲೊ ಮೀರಬಾರದು ಎಂಬುದೊಂದೇ ನನ್ನ ಷರತ್ತು.

ಮಬ್ಬು ಬೆಳಕು

ತಮ್ಮ ಪ್ರಶ್ನೆಯಲ್ಲಿ ಮೂರು ಬೇರೆಬೇರೆ ತೊಂದರೆಗಳು ಒಂದಾಗಿ ಬೆರೆತಿವೆ ಎಂದು ನನಗನ್ನಿಸುತ್ತದೆ. ಖರೀದಿಯ ಮಾತಿಗೆ ಮುನ್ನ ಬಿಸಿಲಿನಲ್ಲಿ ತೆಗೆದ ಒಂದು ಮತ್ತು ಅಂಗಡಿಯಲ್ಲಿ ತೆಗೆದ ಒಂದು ವಿಡಿಯೊದ ಷಟರ್ (ಸೆನ್ಸರ್ ಮೇಲೆ ಬೆಳಕು ಬೀಳುವ ಕಾಲ), ಅಪರ್ಚರ್ (ಲೆನ್ಸ್‌ನ ಕಿಂಡಿಯ ಅಳತೆ), ಐಎಸ್‌ಒ (ಬೆಳಕಿಗೆ ಸಂವೇದನೆ) ಹಾಗೂ ಫ್ರೇಮ್ ದರವನ್ನು ದಯವಿಟ್ಟು ತಿಳಿಸಿ.

ಧಾರವಾಡದ ಪಯಣಿಗ

ಎರಡೂ 4ಕೆ, ಸೆಕೆಂಡಿಗೆ 25 ಫ್ರೇಮ್. ಬಿಸಿಲಿನದ್ದು ಎಫ್/4, ಐಎಸ್‌ಒ 100, ಷಟರ್ 1/1600. ಅಂಗಡಿಯದ್ದು ಎಫ್/4, ಐಎಸ್‌ಒ 1600, ಷಟರ್ 1/160. ಅಪರ್ಚರ್ ಮಾತ್ರ ನಾನು ಆರಿಸಿದ್ದು; ಉಳಿದವನ್ನು ಕ್ಯಾಮೆರಾ ತಾನೇ ಆರಿಸಿಕೊಂಡಿದೆ.

ಮಬ್ಬು ಬೆಳಕು

ಧನ್ಯವಾದಗಳು, ಈಗ ವಿಷಯ ಸ್ಪಷ್ಟವಾಯಿತು. ಮೂರರಲ್ಲಿ ಎರಡು ತೊಂದರೆಗಳಿಗೆ ಕಾರಣ ಷಟರ್. ಹೊಸ ಬಾಡಿ ಕೊಂಡರೂ ಇದೇ ರೀತಿಯಲ್ಲಿ ಚಿತ್ರೀಕರಿಸಿದರೆ ಅವು ನಿಮ್ಮ ಜೊತೆಯಲ್ಲೇ ಬರುತ್ತವೆ.

ಮೊದಲು ಬಿಸಿಲಿನ ವಿಡಿಯೊ. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಷಟರ್ 1/50ರ ಆಸುಪಾಸಿನಲ್ಲಿದ್ದರೆ ಪ್ರತಿ ಫ್ರೇಮಿನಲ್ಲೂ ಚಲನೆ ತುಸು ಮಸುಕಾಗಿ ದಾಖಲಾಗುತ್ತದೆ, ಆ ಮಸುಕೇ ಒಂದು ಫ್ರೇಮನ್ನು ಮುಂದಿನದಕ್ಕೆ ಬೆಸೆದು ನಡಿಗೆ ಸಹಜವಾಗಿ ಕಾಣುವಂತೆ ಮಾಡುತ್ತದೆ. 1/1600ರಲ್ಲಿ ಪ್ರತಿ ಹೆಜ್ಜೆಯೂ ಚೂಪಾಗಿ ನಿಂತುಬಿಡುವುದರಿಂದ ಕಣ್ಣಿಗೆ ತುಂಡರಿಸಿದಂತೆ ಕಾಣುತ್ತದೆ. ಫೋಟೊಗೆ ವರವಾದ ಷಟರ್ ವಿಡಿಯೊಗೆ ಶಾಪವಾಗುವುದು ಇಲ್ಲಿಯೇ. 1/1600ರಿಂದ 1/50ಕ್ಕೆ ಇಳಿಯಬೇಕಾದರೆ ಐದು ಸ್ಟಾಪ್ ಬೆಳಕನ್ನು ತಡೆಯಬೇಕು (ಪ್ರತಿ ಸ್ಟಾಪ್‌ಗೂ ಬೆಳಕು ಅರ್ಧವಾಗುತ್ತದೆ), ಅಂದರೆ ಬೆಳಕನ್ನು 32ರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ32 ಎಂಬ ಕಪ್ಪು ಗಾಜಿನ ಫಿಲ್ಟರ್. ಅಪರ್ಚರನ್ನು ಎಫ್/16ಕ್ಕೆ ಮುಚ್ಚಿಯೂ ನಾಲ್ಕು ಸ್ಟಾಪ್ ತಗ್ಗಿಸಬಹುದು, ಆದರೆ ಈ ಗಾತ್ರದ ಸೆನ್ಸರ್‌ನಲ್ಲಿ ಅಷ್ಟು ಮುಚ್ಚಿದರೆ ಡಿಫ್ರ್ಯಾಕ್ಷನ್‌ನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಕಲ್ಲಿನ ಕೆತ್ತನೆಯ ಸೂಕ್ಷ್ಮ ವಿವರಗಳು ಮಂಕಾಗುತ್ತವೆ. ಪಟ್ಟದಕಲ್ಲಿಗೆ ಹೋಗುವವರು ಅದನ್ನು ಕಳೆದುಕೊಳ್ಳಬಾರದು. ಲಾಗ್ ಪ್ರೊಫೈಲ್ (ಬಣ್ಣವನ್ನು ಆಮೇಲೆ ತಿದ್ದಲೆಂದು ಸಪ್ಪೆಯಾಗಿ ದಾಖಲಿಸುವ ಕ್ರಮ) ಬಳಸುವ ಅಭ್ಯಾಸವಿದ್ದರೆ ಕನಿಷ್ಠ ಐಎಸ್‌ಒ ಮೇಲೇರುವುದರಿಂದ ಇನ್ನೂ ಒಂದೆರಡು ಸ್ಟಾಪ್ ಬೇಕಾಗುತ್ತದೆ.

ಪ್ರವಾಸಕ್ಕೆ ಎರಡರಿಂದ ಐದು ಸ್ಟಾಪ್‌ವರೆಗೆ ತಿರುಗಿಸಿ ಹೊಂದಿಸುವ ವೇರಿಯಬಲ್ ಎನ್‌ಡಿ ಅನುಕೂಲ. ಅದರೊಳಗೆ ಇರುವುದು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಪೋಲರೈಸರ್‌ಗಳಾದ್ದರಿಂದ ವಿಶಾಲ ಕೋನದಲ್ಲಿ ಆಕಾಶ ಒಂದೆಡೆ ಕಡುನೀಲಿ, ಇನ್ನೊಂದೆಡೆ ಮಸುಕು ಎಂಬಂತೆ ಕಾಣಬಹುದು, ಅಗ್ಗದ ಫಿಲ್ಟರನ್ನು ಕೊನೆಯವರೆಗೆ ತಿರುಗಿಸಿದರೆ ಚಿತ್ರದ ಮೇಲೆ ಕತ್ತರಿ ಗುರುತಿನಂಥ ಕಪ್ಪು ನೆರಳು ಬೀಳುತ್ತದೆ. ಉಳಿದ ಸಾಮಗ್ರಿಯಲ್ಲಿ ಎಲ್ಲಿ ಬೇಕಾದರೂ ಹಣ ಉಳಿಸಿ, ಗಾಜಿನ ಮುಂದಿಡುವ ಗಾಜಿನಲ್ಲಿ ಬೇಡ.

ಎಲ್‌ಇಡಿ ಪಟ್ಟಿಗಳ ಮಾತು ಸುಲಭ. ನಮ್ಮ ವಿದ್ಯುತ್ 50 ಹರ್ಟ್ಸ್. ಅನೇಕ ದೀಪಗಳು ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತವೆ. 1/50 ಅಥವಾ 1/100 ಇಟ್ಟರೆ ಪ್ರತಿ ಫ್ರೇಮಿಗೂ ಪೂರ್ಣ ಏರಿಳಿತಗಳೇ ಸಿಗುತ್ತವೆ, 1/160ರಲ್ಲಿ ಅರೆಬರೆ ಸಿಗುವುದರಿಂದ ಪಟ್ಟಿ ಮೂಡುತ್ತದೆ. ಕ್ಯಾಮೆರಾ ಪಾಲ್ ಕ್ರಮದಲ್ಲೇ, ಅಂದರೆ 25 ಅಥವಾ 50 ಫ್ರೇಮಿನಲ್ಲೇ ಇರಲಿ.

ಬಳುಕುವ ಕಂಬಗಳದ್ದು ಬೇರೆಯೇ ಕಥೆ. ಸೆನ್ಸರ್ ಒಂದು ಫ್ರೇಮನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತದೆ. ಓದಿ ಮುಗಿಸುವಷ್ಟರಲ್ಲಿ ಕ್ಯಾಮೆರಾ ಅಲುಗಿದರೆ ನೇರ ಕಂಬ ಓರೆಯಾಗಿ ದಾಖಲಾಗುತ್ತದೆ. ಇದನ್ನು ಎನ್‌ಡಿ ಫಿಲ್ಟರ್ ಸರಿಪಡಿಸುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಇನ್ನೊಂದು ಎಚ್ಚರಿಕೆಯೂ ಅಗತ್ಯ: 1/50ರಲ್ಲಿ ನಡೆಯುತ್ತಾ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ ಹಾಕಿದರೆ ಚೌಕಟ್ಟು ನಿಶ್ಚಲವಾದರೂ ಪ್ರತಿ ಹೆಜ್ಜೆಯ ಕುಲುಕಾಟದ ಮಸುಕು ಫ್ರೇಮಿನೊಳಗೇ ಉಳಿದು, ಚಿತ್ರ ಕಾರಣವಿಲ್ಲದೆ ಮಂಜಾದಂತೆ ತೋರುತ್ತದೆ. ಅದನ್ನು ಬಳಸಲೇಬೇಕಾದಾಗ ಷಟರನ್ನು 1/100ಕ್ಕೆ ಏರಿಸಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಗುಡಿಗಳ ನಡುವೆ ನಡೆಯುತ್ತಾ ಚಿತ್ರೀಕರಿಸುವುದನ್ನೇ ಕಡಿಮೆ ಮಾಡಿ. ಕ್ಯಾಮೆರಾದ ಪಟ್ಟಿಯನ್ನು ಕುತ್ತಿಗೆಗೆ ಬಿಗಿಯಾಗಿ ಎಳೆದು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ನಿಂತಲ್ಲಿಂದ ಹತ್ತು ಸೆಕೆಂಡಿನ ಒಂದೊಂದು ದೃಶ್ಯ ತೆಗೆಯುತ್ತಾ ಹೋದರೆ ಸಂಕಲನಕ್ಕೆ ಕೂತಾಗ ನಿಜವಾಗಿ ಉಪಯೋಗಕ್ಕೆ ಬರುವುದು ಅವೇ.

ಕಡಲ ತಡಿ

ಮೇಲಿನವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ನಡೆಯಬೇಡಿ ಎಂಬ ಸಲಹೆ ಪ್ರವಾಸ ಹೊರಟವರಿಗೆ ಕೊಂಚ ಕಠಿಣವೇ ಸರಿ. ಹಂಪಿಯ ಬಜಾರಿನ ಸಾಲುಮಂಟಪಗಳ ನಡುವೆ ಸಾಗುವ ಒಂದು ದೀರ್ಘ ದೃಶ್ಯವಾದರೂ ಬೇಡವೇ?

ನಡಿಗೆಯ ದೃಶ್ಯಗಳೇ ಮುಖ್ಯವಾದರೆ ಆಯ್ಕೆಗಳನ್ನು ತೂಕದ ಲೆಕ್ಕದಲ್ಲಿ ನೋಡಿ. ಡಿಜೆಐ ಆರ್‌ಎಸ್ 3 ಮಿನಿಯಂಥ ಚಿಕ್ಕ ಗಿಂಬಲ್ ಕೂಡ ಸುಮಾರು 800 ಗ್ರಾಂ ತೂಗುತ್ತದೆ, ಲೆನ್ಸ್ ಬದಲಿಸಿದಾಗಲೆಲ್ಲ ಅದನ್ನು ಮತ್ತೆ ಸಮತೋಲನಕ್ಕೆ ತರಬೇಕು, ನಡುವೆ ಫೋಟೊ ತೆಗೆಯಬೇಕೆನಿಸಿದರೆ ಕೈ ಕಟ್ಟಿಹಾಕಿದಂತಾಗುತ್ತದೆ. 2023ರಲ್ಲಿ ಬಂದ ಪಾಕೆಟ್ ಕ್ಯಾಮೆರಾ ಓಸ್ಮೊ ಪಾಕೆಟ್ 3 ಕೇವಲ 179 ಗ್ರಾಂ. ಒಂದು ಇಂಚಿನ ಸೆನ್ಸರ್, ಮೂರು ಅಕ್ಷಗಳ ಗಿಂಬಲ್ ಅದರಲ್ಲೇ ಸೇರಿದೆ. ಅದರ ಫೋಟೊಗಳು ಹತ್ತು ಮೆಗಾಪಿಕ್ಸೆಲ್‌ನ ಒಳಗೇ ಉಳಿಯುತ್ತವೆ, ಜೂಮ್ ಲೆನ್ಸ್ ಇಲ್ಲ. ಆದ್ದರಿಂದ ಅದು ತಮ್ಮ ಕ್ಯಾಮೆರಾದ ಜಾಗವನ್ನು ತುಂಬಲಾರದು, ಪಕ್ಕದಲ್ಲಿ ಕೂರಬಲ್ಲದು. ಫ್ಯೂಜಿಫಿಲ್ಮ್ ಎಕ್ಸ್-ಎಸ್20ಯಂಥ, ಬಾಡಿಯೊಳಗೆ ಸ್ಟೆಬಿಲೈಸೇಶನ್ ಇರುವ 491 ಗ್ರಾಂನ ಕ್ಯಾಮೆರಾ ನಿಂತು ತೆಗೆಯುವ ದೃಶ್ಯಗಳನ್ನು ಬಹಳ ಚೆನ್ನಾಗಿ ಹಿಡಿಯುತ್ತದೆ. ನಡಿಗೆಯಲ್ಲಿ ಮಾತ್ರ ವಿಶಾಲ ಕೋನದ ಮೂಲೆಗಳು ಅದರಲ್ಲೂ ಅಲುಗುವುದುಂಟು, ಲೆನ್ಸ್‌ಗಳನ್ನೂ ಹೊಸದಾಗಿ ಕೊಳ್ಳಬೇಕಾಗುತ್ತದೆ.

ತಮಗೆ ಹೆಚ್ಚು ಪ್ರಯೋಜನವಾಗುವುದು ಹೆಚ್ಚು ಬೆಳಕನ್ನು ಒಳಬಿಡುವ ಒಂದು ಪ್ರೈಮ್ ಲೆನ್ಸ್, ಅಂದರೆ ಜೂಮ್ ಇಲ್ಲದ ಲೆನ್ಸ್. ಬಾದಾಮಿಯ ಮೂರನೆಯ ಗುಹೆಯ ಒಳಭಾಗವನ್ನು ಹಗಲಿನಲ್ಲೂ ಕಿಟ್ ಲೆನ್ಸ್‌ನ ಎಫ್/3.5ರಲ್ಲಿ ತೆಗೆಯಲು ಹೋದರೆ ಐಎಸ್‌ಒ 6400 ಮುಟ್ಟಬಹುದು, ಅದೇ ದೃಶ್ಯಕ್ಕೆ ಎಫ್/1.4ರಲ್ಲಿ ಸುಮಾರು 1000 ಸಾಕು. ಸಿಗ್ಮಾದ 16 ಮಿ.ಮೀ. ಎಫ್/1.4 ಲೆನ್ಸ್ 405 ಗ್ರಾಂ ತೂಗುತ್ತದೆ, ಫಿಲ್ಟರ್ ಅಳತೆ 67 ಮಿ.ಮೀ. ತಮ್ಮ ಕ್ಯಾಮೆರಾದ ಮೌಂಟ್‌ಗೆ (ಲೆನ್ಸ್ ಕೂರುವ ಬಾಯಿಗೆ) ಅದು ಸಿಗುವುದಾದರೆ ಎನ್‌ಡಿಯನ್ನೂ 67ರ ಅಳತೆಯಲ್ಲೇ ಕೊಂಡು, ಕಿಟ್ ಲೆನ್ಸ್‌ಗೆ ಸ್ಟೆಪ್-ಅಪ್ ರಿಂಗ್ (ಸಣ್ಣ ಲೆನ್ಸ್‌ಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ಹಾಕಿಕೊಳ್ಳಿ. ಒಂದೇ ಫಿಲ್ಟರ್ ಎರಡಕ್ಕೂ ಆಗುತ್ತದೆ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಸಣ್ಣ ಕಿಂಡಿಯಿಂದ ನುಸುಳಿದ ಬೆಳಕು ರಾಜಗೋಪುರದ ಬಿಂಬವನ್ನು ಒಳಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದಲ್ಲ, ಆ ಮಬ್ಬು ಬಿಂಬವನ್ನು ಕೈಯಲ್ಲಿ ಹಿಡಿದೇ ತೆಗೆಯಬೇಕೆಂದರೆ ಇಂಥ ಲೆನ್ಸ್ ಇಲ್ಲದೆ ಕಷ್ಟ.

ಟ್ರೈಪಾಡ್ ನಂಬಿಕೊಂಡು ಹೋಗಬೇಡಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಪಡೆಯಬೇಕು. ಗಿಂಬಲ್ ಇದ್ದರೂ ಟಿಕೆಟ್ ಕೌಂಟರಿನಲ್ಲಿ ವಿಚಾರಿಸಿಯೇ ಒಳಗೆ ಹೋಗುವುದು ಕ್ಷೇಮ.

ಗೋಕರ್ಣದ ಬಗ್ಗೆ ಎರಡು ಮಾತು. ಎ.ಸಿ. ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರತೆಗೆದರೆ ತಂಪು ಗಾಜಿನ ಮೇಲೆ ಕರಾವಳಿಯ ತೇವ ಕೂರುತ್ತದೆ. ಚೀಲದ ಜಿಪ್ ಮುಚ್ಚಿಯೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ. ಸಮುದ್ರದ ಗಾಳಿಯಲ್ಲಿ ಮೈಕಿಗೆ ತುಪ್ಪಳದ ಹೊದಿಕೆ ಇಲ್ಲದಿದ್ದರೆ ಧ್ವನಿ ಪೂರ್ತಿ ಕೆಡುತ್ತದೆ, ಅದನ್ನು ಸಾಫ್ಟ್‌ವೇರಿನಲ್ಲಿ ಸರಿಪಡಿಸುವುದು ಬಹುತೇಕ ಅಸಾಧ್ಯ.

ಧಾರವಾಡದ ಪಯಣಿಗ

ಇಬ್ಬರಿಗೂ ಕೃತಜ್ಞತೆಗಳು. ಸ್ನೇಹಿತರಿಂದ ವೇರಿಯಬಲ್ ಎನ್‌ಡಿ ಪಡೆದು ಉಣಕಲ್ ಕೆರೆಯ ದಂಡೆಯಲ್ಲಿ ಮಧ್ಯಾಹ್ನ ಪರೀಕ್ಷಿಸಿದೆ. 1/50ರಲ್ಲಿ ನಡೆಯುವವರ ಚಲನೆ ಸಹಜವಾಗಿ ಬಂದಿದೆ, ಅಂಗಡಿಯ ಪಟ್ಟಿಗಳೂ ಮಾಯವಾಗಿವೆ. ಆದರೆ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ತಿರುಗಿಸಿದಾಗ ದೀಪದ ಕಂಬಗಳು ಇನ್ನೂ ಓರೆಯಾಗುತ್ತಿವೆ. ಇನ್ನೊಂದು ಗೊಂದಲವೆಂದರೆ ಫೋಟೊಗಾಗಿ ಪ್ರತಿ ಬಾರಿಯೂ ಫಿಲ್ಟರ್ ಬಿಚ್ಚಬೇಕೇ ಎಂಬುದು. ಹಾಗೆಯೇ, 64 ಜಿಬಿಯ ಎರಡು ಕಾರ್ಡು ಸಾಕಾದೀತೇ?

ಮಬ್ಬು ಬೆಳಕು

ಓರೆಯಾಗುವುದಕ್ಕೆ ನಿಧಾನವೊಂದೇ ಮದ್ದು. ಚೌಕಟ್ಟಿನ ಒಂದು ಅಂಚಿನಲ್ಲಿರುವ ಕಂಬ ಇನ್ನೊಂದು ಅಂಚನ್ನು ತಲುಪಲು ಏಳು ಸೆಕೆಂಡಾದರೂ ಹಿಡಿಯುವಂತೆ ತಿರುಗಿಸಿ, ವ್ಯತ್ಯಾಸ ಕೂಡಲೇ ಕಾಣುತ್ತದೆ.

ಬಿಸಿಲಿನಲ್ಲಿ ನಿಂತಿರುವ ಗುಡಿಯ ಫೋಟೊಗೆ ಫಿಲ್ಟರನ್ನು ಎರಡು ಸ್ಟಾಪ್‌ಗೆ ತಿರುಗಿಸಿದರೆ ಸಾಕು: 1/1600ರ ಬದಲು 1/400 ಸಿಗುತ್ತದೆ, ಕೈಯಲ್ಲಿ ಹಿಡಿದು ತೆಗೆಯಲು ಅದು ಧಾರಾಳ. ಗುಹೆಯೊಳಗೆ ಹೋಗುವಾಗ ಬಿಚ್ಚಲೇಬೇಕು. ಅಯಸ್ಕಾಂತದ ರಿಂಗ್ ಇರುವ ಫಿಲ್ಟರ್ ಕೊಂಡರೆ ಅದು ಒಂದು ಕ್ಷಣದ ಕೆಲಸ. ಬಾಡಿಯಲ್ಲಿ ಸೆಟ್ಟಿಂಗ್‌ಗಳನ್ನು ನೆನಪಿಟ್ಟುಕೊಳ್ಳುವ ಸೌಲಭ್ಯವಿದ್ದರೆ ಮ್ಯಾನ್ಯುಯಲ್ 1/50 ಅನ್ನು ವಿಡಿಯೊಗೂ, ಅಪರ್ಚರ್ ಕ್ರಮವನ್ನು ಫೋಟೊಗೂ ಉಳಿಸಿಕೊಳ್ಳಿ.

ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊ ಗಂಟೆಗೆ 45 ಜಿಬಿ ತಿನ್ನುತ್ತದೆ, ಅಂದರೆ 64 ಜಿಬಿಯ ಕಾರ್ಡಿನಲ್ಲಿ ಸುಮಾರು 80 ನಿಮಿಷ. ದಿನವೂ ರಾತ್ರಿ ಬೇರೆಡೆ ನಕಲು ಮಾಡಿಕೊಳ್ಳುವುದಾದರೆ ಎರಡು ಸಾಕು, ಎರಡರ ಮೇಲೂ ವಿಡಿಯೊ ಬರೆಯುವ ವೇಗ ಸೂಚಿಸುವ ವಿ30 ಗುರುತಿರಲಿ. ಮರಳುವಾಗ ವಿಮಾನ ಹತ್ತುವಿರಾದರೆ ಬಿಡಿ ಬ್ಯಾಟರಿಗಳನ್ನೂ ಪವರ್ ಬ್ಯಾಂಕನ್ನೂ ಕೈಚೀಲದಲ್ಲೇ ಒಯ್ಯಬೇಕು. 20,000 ಎಂಎಎಚ್‌ನದ್ದು ಸುಮಾರು 74 ವ್ಯಾಟ್-ಅವರ್ ಆಗುವುದರಿಂದ 100ರ ಮಿತಿಯೊಳಗೇ ಇರುತ್ತದೆ.

ಧಾರವಾಡದ ಪಯಣಿಗ

ಹಾಗಾದರೆ ಈ ಬಾರಿ ಬಾಡಿ ಬದಲಿಸುವುದಿಲ್ಲ. 67ರ ಎನ್‌ಡಿ, ರಿಂಗ್ ಮತ್ತು 16 ಮಿ.ಮೀ. ಲೆನ್ಸ್ ಕೊಳ್ಳುತ್ತೇನೆ. ಹಂಪಿಯ ನಡಿಗೆಯ ದೃಶ್ಯಕ್ಕಾಗಿ ಪಾಕೆಟ್ ಕ್ಯಾಮೆರಾವನ್ನು ಬಾಡಿಗೆಗೆ ತರುವೆ. ಎಲ್ಲ ಸೇರಿ ಚೀಲದ ತೂಕ ಒಂದೂವರೆ ಕಿಲೊ ದಾಟುವಂತೆ ಕಾಣುತ್ತಿಲ್ಲ.