ಬುತ್ತಿ ಕಟ್ಟಿಕೊಂಡು ಬರುವವರಿಗೆ ಕೋಟೆಯೂರಿನಲ್ಲಿ ಜಾಗ ಇದೆಯೇ?

ಪ್ರಶ್ನೆ: ಕೋಟೆಬದಿಯ ಮಾಷ್ಟ್ರು, ಬೇಕಲ

ನಾನು ನಿವೃತ್ತ ಕನ್ನಡ ಮಾಷ್ಟ್ರು. ಕಾಸರಗೋಡಿನ ಬೇಕಲ ಕೋಟೆಯಿಂದ ಹತ್ತು ನಿಮಿಷ ನಡೆದರೆ ನಮ್ಮ ಹಂಚಿನ ಮನೆ. ಕೆಳದಿಯವರ ಕಾಲದಲ್ಲಿ ಕೋಟೆ ಕಾಯಲು ಬಂದು ಇಲ್ಲೇ ಬೇರುಬಿಟ್ಟ ಮನೆತನಗಳಲ್ಲಿ ನಮ್ಮದೂ ಒಂದು. ಅದಕ್ಕೇ ಗೇಟಿನ ಹೊರಗೆ ಮಲಯಾಳವಾದರೂ ಅಡುಗೆಮನೆಯಲ್ಲಿ ಇಂದಿಗೂ ಕನ್ನಡ. ಕೋಟೆ ಕಾಯಲು ಬಂದವರು ಈಗ ಕೋಣೆ ಬಾಡಿಗೆಗೆ ಕೊಡುತ್ತಿದ್ದೇವೆ. ಚಾವಡಿಯ ಆಚೆ ಎರಡು ಕೋಣೆ, ಒಂದೊಂದು ಫ್ಯಾನು, ಹೊರಗೆ ಬಚ್ಚಲು, ದಿನಕ್ಕೆ 800 ರೂಪಾಯಿ. ಬೆಳಿಗ್ಗೆ ಮನೆಯವಳು ಮಾಡುವ ನೀರುದೋಸೆಗೆ ಬೇರೆ ಲೆಕ್ಕ ಇಟ್ಟಿಲ್ಲ. ಅದು ದಡ್ಡತನ ಎಂದು ಮಗಳು ಹೇಳುತ್ತಾಳೆ. ಆ ಜಗಳ ಇಲ್ಲಿ ಬೇಡ.

ಕಳೆದ ತಿಂಗಳು ಕೋಣೆ ಕೊಡುವವರದೊಂದು ಸಭೆ ನಡೆಯಿತು. ಹೊರಗಿನಿಂದ ಬಂದ ಸಲಹೆಗಾರರೊಬ್ಬರು ಗೋಡೆಯ ಮೇಲೆ ಚಿತ್ರಗಳನ್ನು ತೋರಿಸುತ್ತಾ, "ಜನ ಕಡಿಮೆ ಇರಬೇಕು, ಖರ್ಚು ಹೆಚ್ಚು ಮಾಡಬೇಕು. ಕುಕ್ಕರು ಕಟ್ಟಿಕೊಂಡು ಬರುವವರಿಂದ ಊರಿಗೆ ಕಸ ಬಿಟ್ಟರೆ ಬೇರೇನೂ ಸಿಗುವುದಿಲ್ಲ" ಎಂದರು. ಆಮೇಲೆ ನನ್ನತ್ತ ತಿರುಗಿ, ಕೋಣೆಗೆ ಎ.ಸಿ. ಹಾಕಿಸಿ 3,500 ಮಾಡಿ, ಅಂಗಳದಲ್ಲಿ ಅಡುಗೆಗೆ ಬಿಡಬೇಡಿ ಎಂದು ಬುದ್ಧಿ ಹೇಳಿದರು. ಮಾತು ಹೊಸದೇನಲ್ಲ. 1992ರಲ್ಲಿ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿದಾಗಲೂ, 1995ರಲ್ಲಿ ಅದಕ್ಕೆಂದೇ ನಿಗಮ ಬಂದಾಗಲೂ ಕಡಲ ಬದಿಗೆ ದೊಡ್ಡ ಹೋಟೆಲುಗಳು ಬರುತ್ತವೆ ಎಂದು ಕೇಳಿದ್ದೆವು. ಬಂದವು. ಒಳಗೆ ಹೇಗಿದೆಯೋ ಕಾಣೆ, ಕಂಪೌಂಡು ಮಾತ್ರ ಬಹಳ ಚೆನ್ನಾಗಿದೆ.

ನನ್ನ ತಲೆಯಲ್ಲಿ ಕುಳಿತಿರುವುದು ಜನವರಿಯಲ್ಲಿ ನಡೆದದ್ದು. ಹಾವೇರಿ ಕಡೆಯ ಒಂದು ಬಸ್ಸು. ಮಹಿಳಾ ಸಂಘದವರು, ಐವತ್ತು ಜನ. ಧರ್ಮಸ್ಥಳ, ಕಟೀಲು, ಮಧೂರು ಮುಗಿಸಿ ಕೋಟೆ ನೋಡಲು ಬಂದಿದ್ದರು. ಹಿರಿಯ ಹೆಂಗಸೊಬ್ಬರು ಗೇಟಿನ ಹೊರಗೇ ನಿಂತು, "ಅಣ್ಣಾ, ಎರಡು ಕೊಡ ನೀರು ಸಿಗುತ್ತದೆಯೇ" ಎಂದು ಕೇಳಿದರು. ಹತ್ತು ನಿಮಿಷದಲ್ಲಿ ನಮ್ಮ ತೆಂಗಿನ ಬುಡದಲ್ಲಿ ಗ್ಯಾಸ್ ಒಲೆ, ಎರಡು ದೊಡ್ಡ ಪಾತ್ರೆ, ಈರುಳ್ಳಿಯ ರಾಶಿ. ಅವರಲ್ಲೊಬ್ಬಳು ಬಾವಿಗೆ ಕೊಡಪಾನ ಇಳಿಸಿದವಳು ತಕ್ಷಣವೇ ನೀರು ಮುಟ್ಟಿದ್ದಕ್ಕೆ ಬೆರಗಾಗಿ, ಹಗ್ಗವನ್ನು ಮೇಲಕ್ಕೆಳೆದು ಒದ್ದೆಯಾದ ತುದಿಯಿಂದ ಕೈವರೆಗೆ ಮೊಳ ಹಾಕಿ ಅಳೆದಳು. ಮೂರೂವರೆ ಮೊಳ. ಉಳಿದವರನ್ನು ಕರೆದು ತೋರಿಸಿದಳು. ಆಮೇಲೆ ಒಬ್ಬೊಬ್ಬರಾಗಿ ಬಂದು, ಬೇಕಿಲ್ಲದಿದ್ದರೂ ಒಂದೊಂದು ಕೊಡ ಸೇದಿ, ಕಾಲಿಗೆ ಸುರಿದುಕೊಂಡು ನಕ್ಕರು. ಕೋಟೆಯನ್ನು ಅವರು ಅಷ್ಟು ಹೊತ್ತು ನೋಡಿದರೋ ಇಲ್ಲವೋ.

ಹೊರಡುವಾಗ ಪಕ್ಕದ ಅಂಗಡಿಯಲ್ಲಿದ್ದ ಬಾಳೆಕಾಯಿ ಚಿಪ್ಸ್ ಪೂರ್ತಿ ಖಾಲಿ. ನನಗೆ ಹತ್ತು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಜೊತೆಗೆ ಮೂರು ಗೋಣಿ ಕಾಗದದ ತಟ್ಟೆ, ಅನ್ನ ಸಿಕ್ಕಿಕೊಂಡ ಬಚ್ಚಲ ತೋಡು. ಅಡಿಕೆ ಸಲಾಕೆಯಿಂದ ಅದನ್ನು ಬಿಡಿಸಲು ಸಂಜೆಯವರೆಗೆ ಹಿಡಿಯಿತು. ಸುಳ್ಳು ಹೇಳುವುದಿಲ್ಲ, ಆ ಹೊತ್ತಿನಲ್ಲಿ ಸಲಹೆಗಾರರ ಮಾತು ಕೇಳಿದ್ದರೆ ಒಪ್ಪಿಬಿಡುತ್ತಿದ್ದೆ.

ಅದೇ ವಾರ ದೊಡ್ಡ ಕಾರಿನಲ್ಲಿ ಬಂದ ದಂಪತಿ ಕೋಣೆ ನೋಡಿ, "ಈ ಕಡಲಿನ ಸದ್ದು ರಾತ್ರಿಯೂ ಇರುತ್ತದೆಯೇ" ಎಂದು ವಿಚಾರಿಸಿ ದೊಡ್ಡ ಹೋಟೆಲಿಗೆ ಹೋದರು. ನಗಬೇಡಿ. ಅವರು ನಮ್ಮ ಓಣಿಯ ಹುಡುಗನ ಆಟೋವನ್ನು ಎರಡು ದಿನಕ್ಕೆ ಗೊತ್ತುಮಾಡಿಕೊಂಡು ಅನಂತಪುರ, ಕುಂಬಳೆ ಎಲ್ಲ ಸುತ್ತಿ 2,600 ರೂಪಾಯಿ ಕೊಟ್ಟಿದ್ದಾರೆ. ಹಾಗಾಗಿ ನನ್ನ ಲೆಕ್ಕ ಎಲ್ಲಿಯೂ ಕೂಡುತ್ತಿಲ್ಲ.

ಹಳೆಯ ಊರುಗಳನ್ನು ನೋಡಿದವರು, ಅಲ್ಲಿ ದುಡಿದವರು ಇದ್ದರೆ ಹೇಳಿ. ಕೈಯಲ್ಲಿ ಕಾಸು ಕಡಿಮೆ ಇದ್ದವರನ್ನು ಬೇರೆ ಕಡೆ ಹೇಗೆ ನೋಡಿಕೊಳ್ಳುತ್ತಾರೆ? ನಾನು ಆ ಎ.ಸಿ. ಹಾಕಿಸಬೇಕೇ?

ಉತ್ತರ: ಹಡಗು ಬಿಟ್ಟವನು, ಉಪ್ಪಳ

ಮಾಷ್ಟ್ರೇ, ನಾನು ಒಂಬತ್ತು ವರ್ಷ ಪ್ರವಾಸಿ ಹಡಗುಗಳಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಕಿದವನು. ನೀವು ಕೇಳಿದ್ದನ್ನು ನಾನು ಇಟಲಿಯ ವೆನಿಸ್‌ನಲ್ಲಿ ಕಣ್ಣಾರೆ ಕಂಡಿದ್ದೇನೆ. ನಮ್ಮ ಹಡಗಿನಲ್ಲಿ ಮೂರು ಸಾವಿರಕ್ಕೂ ಮೇಲ್ಪಟ್ಟು ಜನ. ಎಲ್ಲರೂ ದುಡ್ಡಿರುವವರೇ. ಬೆಳಿಗ್ಗೆ ಹಡಗಿನಲ್ಲಿ ಹೊಟ್ಟೆತುಂಬ ತಿಂದು, ಹಡಗಿನದೇ ನೀರಿನ ಬಾಟಲಿ ಹಿಡಿದು ಇಳಿಯುತ್ತಿದ್ದರು. ಊಟದ ಹೊತ್ತಿಗೆ ಅರ್ಧದಷ್ಟು ಜನ ವಾಪಸು, ಏಕೆಂದರೆ ಹಡಗಿನ ಊಟಕ್ಕೆ ಮೊದಲೇ ಹಣ ಕಟ್ಟಿರುತ್ತಾರೆ. ಆ ಊರಿಗೆ ಅವರು ಬಿಟ್ಟುಹೋದದ್ದು ಒಂದು ಫ್ರಿಜ್ ಅಯಸ್ಕಾಂತದ ದುಡ್ಡು. ಬುತ್ತಿ ಕಟ್ಟಿಕೊಂಡು ಬರುವವರು ಎಂದರೆ ನನ್ನ ಪ್ರಕಾರ ಅವರೇ. ಬುತ್ತಿಯ ಪಾತ್ರೆ ಮಾತ್ರ ಹದಿನಾಲ್ಕು ಮಾಳಿಗೆಯದು.

ನನಗೆ ನಾಲ್ಕು ಗಂಟೆ ಬಿಡುವು ಸಿಕ್ಕರೆ ಒಂದು ತುಂಡು ಪಿಜ್ಜಾ ಕೊಂಡು ಸಂತ ಮಾರ್ಕನ ಚೌಕದ ಮೆಟ್ಟಿಲಲ್ಲಿ ಕೂರುತ್ತಿದ್ದೆ. ಎರಡು ಬಾರಿ ಎಬ್ಬಿಸಿದರು. ಅಲ್ಲಿ ಕುಳಿತು ತಿನ್ನುವುದು ನಿಷೇಧ. 2019ರ ಜುಲೈನಲ್ಲಿ ಇಬ್ಬರು ಜರ್ಮನ್ನರು ರಿಯಾಲ್ಟೊ ಸೇತುವೆಯ ಬುಡದಲ್ಲಿ ಸಣ್ಣ ಸ್ಟೌ ಹಚ್ಚಿ ಕಾಫಿ ಮಾಡಿಕೊಂಡರು. ಬೆನ್ನಿಗೆ ಚೀಲ ಹಾಕಿಕೊಂಡು ಬಂದವರು. 950 ಯೂರೋ ದಂಡ ಹಾಕಿ ಊರು ಬಿಡಿಸಿದರು. ಆಗಿನ ಲೆಕ್ಕದಲ್ಲಿ ಎಪ್ಪತ್ತು ಸಾವಿರ ರೂಪಾಯಿಗೂ ಹೆಚ್ಚು. ನಿಮ್ಮ ಹಾವೇರಿಯ ಹೆಂಗಸರು ಈರುಳ್ಳಿ ಹೆಚ್ಚಿದ್ದನ್ನು ಓದಿದಾಗ ನನಗೆ ನೆನಪಾದದ್ದು ಆ ಕಾಫಿ.

ದೊಡ್ಡ ಹಡಗುಗಳು ಚೌಕದ ಮುಂದೆ ಹಾದುಹೋಗುವುದನ್ನು 2021ರ ಆಗಸ್ಟ್‌ನಿಂದ ನಿಲ್ಲಿಸಿದರು. 2024ರ ಏಪ್ರಿಲ್ 25ರಿಂದ, ಜನಜಂಗುಳಿಯ 29 ದಿನ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ತಲೆಗೆ 5 ಯೂರೋ ತೆಗೆದುಕೊಂಡರು. ಮರುವರ್ಷ ದಿನಗಳನ್ನು 54ಕ್ಕೆ ಏರಿಸಿ, ಕೊನೆಗಳಿಗೆಯಲ್ಲಿ ಕಾದಿರಿಸುವವರಿಗೆ 10 ಮಾಡಿದರು. ರಾತ್ರಿ ತಂಗುವವರಿಗೆ ಇದಿಲ್ಲ, ಅವರು ಕೋಣೆಯ ಜೊತೆಗೇ ತೆರಿಗೆ ಕಟ್ಟುತ್ತಾರೆ. ಅಂದರೆ ಅಗ್ಗದ ಹಾಸ್ಟೆಲಿನಲ್ಲಿ ಮಲಗುವ ಹುಡುಗನಿಗೆ ವಿನಾಯಿತಿ, ಆ ದಿನಗಳಲ್ಲಿ ಹೊರಗಿನಿಂದ ಬಂದು ಮೂರು ಗಂಟೆ ಸುತ್ತಿ ಹೋಗುವ ಕೋಟ್ಯಧಿಪತಿಗೂ 5 ಯೂರೋ. ಇದು ನನಗೆ ಸರಿ ಕಂಡಿತು.

ಆದರೂ ಊರು ಉಳಿಯಿತು ಎಂದು ಹೇಳಲಾರೆ. 1951ರಲ್ಲಿ ಹಳೆಯ ನಗರದಲ್ಲಿ 1,75,000ದಷ್ಟು ಜನ ಇದ್ದರು, 2022ರಲ್ಲಿ 50,000ಕ್ಕಿಂತ ಕೆಳಗಿಳಿಯಿತು. ಮನೆಗಳೆಲ್ಲ ಬಾಡಿಗೆ ಕೋಣೆಗಳಾದವು. ಹಾಗಂತ ಸಿರಿವಂತರಿಗೆ ಆರತಿ ಎತ್ತುತ್ತಾರೆ ಎಂದುಕೊಳ್ಳಬೇಡಿ. 2025ರ ಜೂನ್‌ನಲ್ಲಿ ಅಮೆರಿಕದ ಮಹಾ ಶ್ರೀಮಂತನೊಬ್ಬ ಅಲ್ಲಿ ಮದುವೆಯಾದಾಗ ಊರವರು ಬೀದಿಗಿಳಿದು ಪ್ರತಿಭಟಿಸಿದರು.

ಉತ್ತರ: ಚಾ ಅಂಗಡಿಯವಳು, ಪಳ್ಳಿಕ್ಕರೆ

ಮಾಷ್ಟ್ರೇ, ನೀವು ಬಾವಿ, ರೊಟ್ಟಿ ಎಂದೆಲ್ಲ ಚಂದ ಬರೆದಿದ್ದೀರಿ. ಆ ಐವತ್ತು ಜನ ಆಮೇಲೆ ಶೌಚಾಲಯಕ್ಕೆ ಬಂದದ್ದು ನನ್ನ ಅಂಗಡಿಯ ಹಿಂದಕ್ಕೆ. ಟ್ಯಾಂಕು ತುಂಬಿಸಿದ್ದು ನಾನು. ಒಂದು ಲೋಟ ಚಾ ಮಾರಾಟ ಆಗಲಿಲ್ಲ, ಫ್ಲಾಸ್ಕು ತಂದಿದ್ದರು.

ಹನ್ನೊಂದು ವರ್ಷದಿಂದ ಅಂಗಡಿ ಇಟ್ಟವಳ ಲೆಕ್ಕ ಹೇಳುತ್ತೇನೆ. ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ರೈಲಿನಿಂದ ಇಳಿದು ಬರುವ ಹುಡುಗ ಹುಡುಗಿಯರಿದ್ದಾರಲ್ಲ, ಅವರು ಚೌಕಾಸಿ ಮಾಡುತ್ತಾರೆ, ಹೌದು. ಆದರೆ ದಿನಕ್ಕೆ ಮೂರು ಬಾರಿ ಬರುತ್ತಾರೆ. ಬೆಳಿಗ್ಗೆ ಪುಟ್ಟು ಕಡಲೆ, ಮಧ್ಯಾಹ್ನ ಮೀನು ಊಟ, ಸಂಜೆ ಚಾ, ಪಳಂಪೊರಿ. ದೊಡ್ಡ ಹೋಟೆಲಿನವರು ಕಾರಿನ ಗಾಜು ನಾಲ್ಕು ಬೆರಳು ಇಳಿಸಿ ಎಳನೀರು ಕುಡಿದು, ಗಾಜು ಏರಿಸುತ್ತಾರೆ. ಅವರು ಒಳ್ಳೆಯವರೇ, ಚಿಲ್ಲರೆ ಕೇಳುವುದಿಲ್ಲ. ಆದರೆ ಮರುದಿನ ಬರುವುದಿಲ್ಲ.

ಬಸ್ಸಿನವರನ್ನು ಓಡಿಸಿ ಎಂದು ನಾನು ಹೇಳುವುದಿಲ್ಲ. ನೀರಿಗೂ ಶೌಚಾಲಯಕ್ಕೂ ತಲೆಗೆ ಹತ್ತು ರೂಪಾಯಿ ತೆಗೆದುಕೊಳ್ಳಿ ಎನ್ನುತ್ತೇನೆ. ಕೊಡುತ್ತಾರೆ. ನೀವು ಕೇಳಲು ನಾಚಿಕೊಂಡದ್ದಕ್ಕೆ ನಾನೇಕೆ ಟ್ಯಾಂಕು ತುಂಬಿಸಬೇಕು?

ಉತ್ತರ: ಪೆರ್ಲದಿಂದ

ಎಲ್ಲರೂ ಕನಿಕರದ ಮಾತು ಆಡುತ್ತಿದ್ದೀರಿ. ಭೂತಾನದವರನ್ನು ನೋಡಿ. ವಿದೇಶಿಯರಿಗೆ ಒಂದು ರಾತ್ರಿಗೆ ಇಷ್ಟು ಡಾಲರ್ ಎಂದು ಕಟ್ಟಿಸಿಕೊಳ್ಳುತ್ತಾರೆ, ನಮಗೆ ಭಾರತೀಯರಿಗೂ 1,200 ರೂಪಾಯಿ. ನಾನು ಕಟ್ಟಿಯೇ ಹೋಗಿ ಬಂದೆ. ದಾರಿಯಲ್ಲಿ ಒಂದು ಚಿಪ್ಸ್ ಪೊಟ್ಟಣ ಬಿದ್ದಿರಲಿಲ್ಲ. ಎ.ಸಿ. ಹಾಕಿಸಿ ಮಾಷ್ಟ್ರೇ, ಯೋಚಿಸಬೇಡಿ.

ಉತ್ತರ: ತುಂಗಭದ್ರೆ ದಾಟಿದವನು, ಬದಿಯಡ್ಕ

ನನ್ನದು ಹಂಪಿಯ ಅನುಭವ. ಊರಿನಲ್ಲಿ ಅಡಿಕೆಗೆ ರೋಗ ಬಂದ ವರ್ಷ ಹೊರಟುಹೋಗಿ, ನದಿಯ ಆಚೆ ವಿರೂಪಾಪುರ ಗಡ್ಡೆಯಲ್ಲಿ ಒಂದು ಅತಿಥಿಗೃಹದ ಅಡುಗೆಮನೆಯಲ್ಲಿ ಐದು ವರ್ಷ ಇದ್ದೆ. ಗದ್ದೆಯ ಅಂಚಿನಲ್ಲಿ ಹುಲ್ಲಿನ ಗುಡಿಸಲುಗಳು, ಮುಂದೆ ಒಂದು ಉಯ್ಯಾಲೆ. ಮಲಗಲು 200 ರೂಪಾಯಿ. ಇಸ್ರೇಲಿನಿಂದ, ಫ್ರಾನ್ಸಿನಿಂದ ಬಂದವರು ಎರಡು ಮೂರು ವಾರ ಕದಲುತ್ತಲೇ ಇರಲಿಲ್ಲ. ಬಟ್ಟೆ ಒಗೆಯುವವಳಿಗೆ, ಸೈಕಲ್ ಬಾಡಿಗೆಯವನಿಗೆ, ತೆಪ್ಪದವನಿಗೆ ದಿನಾ ಕೆಲಸ. ಬಡ ಪ್ರವಾಸಿ ಎಂದು ಅವರನ್ನು ಕರೆಯುವುದಾದರೆ, ಆ ಬಡವರಿಂದ ಒಂದು ಊರೇ ಉಣ್ಣುತ್ತಿತ್ತು.

ಇನ್ನೊಂದು ಮುಖವನ್ನೂ ಹೇಳಬೇಕು. ಗಡ್ಡೆಯಲ್ಲಿ ಕಟ್ಟಿದ್ದು ಸಂರಕ್ಷಿತ ಪ್ರದೇಶದ ಒಳಗೆ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿ ಗುಡಿಸಲು ಕಾಂಕ್ರೀಟಾಯಿತು, ಕಾಂಕ್ರೀಟಿನ ಮೇಲೆ ಮತ್ತೊಂದು ಮಹಡಿ ಬಂತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು, ಮಾರ್ಚಿನಲ್ಲಿ ಜೆಸಿಬಿ ಬಂತು. ಅದಕ್ಕೂ ಮೊದಲು, 2011ರಲ್ಲಿ, ವಿರೂಪಾಕ್ಷ ದೇವಸ್ಥಾನದ ಎದುರಿನ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡವರನ್ನು ಎಬ್ಬಿಸಿದ್ದರು. ನಾನು ನನ್ನ ಸಟ್ಟುಗ, ಎರಡು ಬಾಣಲೆ ಹಿಡಿದು ಊರಿಗೆ ಬಂದೆ. ಕೋರ್ಟು ತಪ್ಪು ಮಾಡಿತು ಎನ್ನಲಾರೆ. ಆದರೆ ಈಗ ಹಂಪಿಗೆ ಹೋದರೆ ಸಂಜೆ ಆರಕ್ಕೆ ಎಲ್ಲರೂ ಹೊಸಪೇಟೆಗೆ, ಕಮಲಾಪುರಕ್ಕೆ ಹೊರಡುವ ಗಡಿಬಿಡಿ.

ಪೆರ್ಲದವರು ಭೂತಾನದ ಮಾತು ಎತ್ತಿದ್ದಾರೆ. 2022ರಲ್ಲಿ ಅವರು 65 ಡಾಲರನ್ನು 200ಕ್ಕೆ ಏರಿಸಿದರು, ಮರುವರ್ಷವೇ 100ಕ್ಕೆ ಇಳಿಸಿದರು. ಬೆಲೆ ಏರಿಸಿದಾಗ ಬಾರದೇ ಹೋದವರು ಯಾರು ಎಂಬುದು ಅಲ್ಲಿನ ಸಣ್ಣ ಹೋಟೆಲಿನವರಿಗೆ ಗೊತ್ತಿರುತ್ತದೆ.

ಉತ್ತರ: ಕೋಟೆಬದಿಯ ಮಾಷ್ಟ್ರು, ಬೇಕಲ

ಎಲ್ಲರಿಗೂ ನಮಸ್ಕಾರ. ಉಪ್ಪಳದವರ ಹದಿನಾಲ್ಕು ಮಾಳಿಗೆಯ ಬುತ್ತಿಯನ್ನು ಮನೆಯಲ್ಲಿ ಓದಿ ಹೇಳಿದೆ. ಮನೆಯವಳು ದೋಸೆ ಮಗುಚುವುದನ್ನು ಮರೆತು ನಕ್ಕಳು, ಒಂದು ಸೀದಿತು.

ಎ.ಸಿ. ಹಾಕಿಸುವುದಿಲ್ಲ. ತತ್ತ್ವ ಏನೂ ಇಲ್ಲ, ನಮ್ಮ ಮಾಡಿನ ಹಂಚಿನ ಸಂದಿನಲ್ಲಿ ತಂಪು ನಿಲ್ಲುವುದಿಲ್ಲ ಎಂದು ಎಲೆಕ್ಟ್ರಿಷಿಯನ್ ಹೇಳಿದ. ಮಾಡಿನ ಕೆಳಗೆ ಹಲಗೆ ಹೊಡೆಸಿದರೆ ನಲವತ್ತು ಸಾವಿರ. ಕೋಣೆ 1,000 ಮಾಡುತ್ತೇನೆ, ದೋಸೆಗೆ ಲೆಕ್ಕ ಮಗಳಿಗೆ ಬಿಟ್ಟದ್ದು.

ಕೋಟೆಯ ಟಿಕೆಟನ್ನೇ ನೋಡಿ. ನಮಗೆ 25 ರೂಪಾಯಿ, ವಿದೇಶಿಯರಿಗೆ 300, ಹದಿನೈದರ ಕೆಳಗಿನ ಮಕ್ಕಳಿಗೆ ಏನೂ ಇಲ್ಲ. ಅಷ್ಟು ದೊಡ್ಡ ಕೋಟೆಯೇ ತಲೆಗೆ ಇಷ್ಟು ಎಂದು ನಾಚಿಕೆ ಇಲ್ಲದೆ ಕೇಳುವಾಗ ನನಗೇನು? ಚಾ ಅಂಗಡಿಯ ಅಕ್ಕನ ಮಾತಿನಂತೆ ಒಂದು ಹಲಗೆಗೆ ಬಣ್ಣ ಹಚ್ಚಿದ್ದೇನೆ. ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿದೆ: "ಬಾವಿ ನೀರು, ಶೌಚಾಲಯ: ತಲೆಗೆ 10 ರೂ. ಅಡುಗೆ ಮಾಡುವವರು ತೆಂಗಿನ ಮರದ ಆಚೆ. ತಟ್ಟೆ ತಂದವರೇ ಒಯ್ಯಬೇಕು." ಶೌಚಾಲಯದ ಹತ್ತರಲ್ಲಿ ಐದು ಅಕ್ಕನ ಟ್ಯಾಂಕಿಗೆ.

ಸಲಹೆಗಾರರು ಆ ದಾರಿಯಲ್ಲಿ ಹೋಗುವಾಗ ಹಲಗೆ ಓದಿದರು. ಏನೂ ಹೇಳಲಿಲ್ಲ. ಕಾರು ನಿಲ್ಲಿಸಿ ಶೌಚಾಲಯಕ್ಕೆ ಹೋಗಿ ಹತ್ತು ರೂಪಾಯಿ ಕೊಟ್ಟರು.

ಉತ್ತರ: ಚಾ ಅಂಗಡಿಯವಳು, ಪಳ್ಳಿಕ್ಕರೆ

ಐದಲ್ಲ, ಆರು. ಮತ್ತೆ, ಮುಂದಿನ ಬಸ್ಸು ಬರುವ ಮೊದಲು ಬಾವಿಗೆ ಹೊಸ ಹಗ್ಗ ತನ್ನಿ ಮಾಷ್ಟ್ರೇ. ಐವತ್ತು ಜನ ಸೇದಿದ ಆ ಹಗ್ಗ ರಾಟೆಯ ಹತ್ತಿರ ಎರಡು ಎಳೆ ಬಿಟ್ಟಿದೆ, ನಿನ್ನೆ ನೋಡಿದೆ.