ಅಪ್‌ಡೇಟ್: ಅಕ್ಕನ ಮಣಿಕಟ್ಟಿನ ಆಪರೇಷನ್ ಆಗಿ ಏಳು ತಿಂಗಳು

ಅಕ್ಕನ ಬಲ ಮಣಿಕಟ್ಟಿನಲ್ಲಿ ಜೈಂಟ್ ಸೆಲ್ ಟ್ಯೂಮರ್ (ಮೂಳೆಯಲ್ಲಿ ಬೆಳೆಯೋ ಒಂದು ಗಡ್ಡೆ) ಇದೆ, ಅದನ್ನು ತೆಗೆದ ಜಾಗಕ್ಕೆ ಕಾಲಿನ ಫಿಬುಲಾ ಮೂಳೆ ತೆಗೆದು ಕೂರಿಸೋದು ಒಳ್ಳೆಯದಾ, ಕೃತಕ ಕೀಲು ಒಳ್ಳೆಯದಾ ಅಂತ ಹೋದ ವರ್ಷ ಕೇಳಿದ್ದೆ. ಅವತ್ತು ಧೈರ್ಯ ಹೇಳಿದವರಿಗೆಲ್ಲ ಇದನ್ನು ತಿಳಿಸಲೇಬೇಕು ಅನ್ನಿಸಿತು.

ಕೃತಕ ಕೀಲನ್ನೇ ಹಾಕಿಸಿದೆವು. ಗಡ್ಡೆ ಮೂಳೆಯ ಗೋಡೆ ಒಡೆದು ಹೊರಗೆ ಬಂದಿತ್ತು, ಅದನ್ನು ಕೆರೆದು ಆ ಜಾಗಕ್ಕೆ ಮೂಳೆಗೆ ಬಳಸೋ ಸಿಮೆಂಟ್ ತುಂಬಿದರೆ ಸಾಲದು ಅಂದರು ಡಾಕ್ಟರು. ರೇಡಿಯಸ್ ಮೂಳೆಯ (ಮುಂಗೈಯಲ್ಲಿ ಹೆಬ್ಬೆರಳಿನ ಕಡೆಗಿರೋ ಮೂಳೆ) ಮಣಿಕಟ್ಟಿನ ಕಡೆಯ ತುದಿ 7 ಸೆಂಟಿಮೀಟರ್ ತೆಗೆದರು. ಎಡಗೈಯ ಸಿ.ಟಿ. ಸ್ಕ್ಯಾನ್ ಇಟ್ಟುಕೊಂಡು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ, ಅದೇ ಅಳತೆಗೆ ಟೈಟಾನಿಯಂ ತುಂಡು ಮಾಡಿಸಿದ್ದು. ಅದರ ಕಡ್ಡಿ ಉಳಿದ ಮೂಳೆಯೊಳಗೆ ಕೂತಿದೆ.

ಆರು ವಾರ ಸ್ಪ್ಲಿಂಟ್ (ಕೈ ಅಲ್ಲಾಡದ ಹಾಗೆ ಕಟ್ಟೋ ಆಧಾರ), ಆಮೇಲೆ ಫಿಸಿಯೋಥೆರಪಿ. ಮೊದಲ ದಿನಗಳಲ್ಲಿ ಬೆರಳು ಮಡಚೋಕೂ ಅಳುತ್ತಿದ್ದಳು. ಮೊನ್ನೆ ಚಪಾತಿ ಲಟ್ಟಿಸಿದಳು! ಮಣಿಕಟ್ಟು ಪೂರ್ತಿ ಬಾಗಲ್ಲ, ಅದಕ್ಕೇ ಲಟ್ಟಣಿಗೆಯನ್ನು ಭುಜದಿಂದ ತಳ್ಳುತ್ತಾಳೆ. ಅಂಚು ದಪ್ಪ, ನಡು ತೆಳು. ಅಮ್ಮ ಒಂದನ್ನೂ ಬಿಡದೆ ತಿಂದರು. ಬೀಗದ ಕೀ ತಿರುಗಿಸೋದು ಇನ್ನೂ ಕಷ್ಟ, ನೀರಿನ ಬಿಂದಿಗೆ ಎತ್ತೋ ಹಾಗೇ ಇಲ್ಲ.

ಈ ಗಡ್ಡೆ ಕ್ಯಾನ್ಸರ್ ಅಲ್ಲದಿದ್ದರೂ ಮರುಕಳಿಸಬಹುದು, ಅದೂ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಲ್ಲಿ. ಅಪರೂಪಕ್ಕೆ ಶ್ವಾಸಕೋಶಕ್ಕೂ ಹೋಗುತ್ತದೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ಕೈ ಜೊತೆ ಎದೆಯ ಎಕ್ಸ್‌ರೇ ಕೂಡ ಇದೆ. ಈ ಸಲದ್ದು ಎರಡೂ ಸರಿ ಬಂದಿವೆ.